ಕೊಡಗಿನ ಮಳೆಗಾಲದಲ್ಲಿ ಕಾವು ಪೆಟ್ಟಿಗೆ: ನೀರು ಎಷ್ಟು, ಯಾವಾಗ?

ಕಾವು ಪೆಟ್ಟಿಗೆಯಲ್ಲಿ, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರದಲ್ಲಿ ಇಟ್ಟು ಇಪ್ಪತ್ತಮೂರು ದಿನವಾದರೂ ಒಡೆಯದ ಕೋಳಿ ಮೊಟ್ಟೆಯನ್ನು ಬಿಡಿಸಿ ನೋಡಿದಾಗ, ಮೈತುಂಬ ತುಪ್ಪಳ ಮೂಡಿ, ಕೊಕ್ಕು ಬಲಿತ ಮರಿ ಒದ್ದೆಯಾಗಿ ಸತ್ತು ಮಲಗಿರುವುದನ್ನು ಮಡಿಕೇರಿ, ಸೋಮವಾರಪೇಟೆ ಕಡೆಯ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮನೆಯವರು ಸಾಮಾನ್ಯವಾಗಿ ಹುಂಜವನ್ನೋ ಯಂತ್ರವನ್ನೋ ದೂರುತ್ತಾರೆ. ವಿಚಾರಿಸಿದರೆ, ಕಾವು ಪೆಟ್ಟಿಗೆಯ ಜೊತೆ ಬಂದ ಕೈಪಿಡಿಯಲ್ಲಿದ್ದಂತೆ ಮೊದಲ ದಿನದಿಂದಲೇ ನೀರಿನ ತೊಟ್ಟಿಯನ್ನು ತುಂಬಿಸಿಟ್ಟಿದ್ದು ತಿಳಿಯುತ್ತದೆ. ಆ ಸೂಚನೆ ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಬರೆದದ್ದಲ್ಲ. ನನ್ನ ಮೊದಲ ಎರಡು ತಂಡದ ಮರಿಗಳೂ ಹೀಗೆಯೇ ಹೋದವು. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಕಾವಿಗೆ ಕೂತ ನಾಟಿ ಹೇಂಟೆ ಇದ್ದು, ನಿಮಗೆ ಬೇಕಾದದ್ದು ಹತ್ತು ಮರಿ ಮಾತ್ರವಾದರೆ, ಮೊಟ್ಟೆಗಳನ್ನು ಅದಕ್ಕೇ ಒಪ್ಪಿಸಿ. ಅದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಗಿರಿರಾಜದಂತಹ ಸುಧಾರಿತ ತಳಿಯ ಹೇಂಟೆಗಳು ಕಾವಿಗೆ ಕೂರುವುದು ಅಪರೂಪವಾದ್ದರಿಂದ ಅವುಗಳನ್ನು ಸಾಕಿದವರಿಗೆ ಪೆಟ್ಟಿಗೆ ಬೇಕಾಗುತ್ತದೆ.

ಮೊಟ್ಟೆಗಳು ಹುಂಜದ ಜೊತೆ ಬೆಳೆದ ಹೇಂಟೆಗಳದ್ದಾಗಿರಬೇಕು, ಇಟ್ಟು ಏಳು ದಿನ ಮೀರಿರಬಾರದು, ಫ್ರಿಜ್ಜಿನಲ್ಲಿಟ್ಟದ್ದಾಗಿರಬಾರದು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿ ಬರುವುದಿಲ್ಲ. ಕೊಳೆಯಾದ ಮೊಟ್ಟೆಯನ್ನು ತೊಳೆಯಬೇಡಿ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಕ ಪೊರೆ ಹೋಗಿ ರೋಗಾಣು ಒಳಸೇರುತ್ತದೆ. ತಿರುವುಗಳ ರಸ್ತೆಯಲ್ಲಿ ಬಸ್ಸಿನಲ್ಲಿ ತಂದ ಮೊಟ್ಟೆಗಳನ್ನು ಮೊಂಡು ತುದಿ ಮೇಲಾಗಿ ಒಂದು ದಿನ ಸುಮ್ಮನೆ ಇರಿಸಿ, ನಂತರ ಪೆಟ್ಟಿಗೆಗೆ ಸೇರಿಸಿ.

ಮೊಟ್ಟೆ ಇಡುವ ಮೊದಲು ಪೆಟ್ಟಿಗೆಯನ್ನು ಖಾಲಿಯಾಗಿ 24 ಗಂಟೆ ಓಡಿಸಿ ನೋಡಿ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ 38.5ರ ಸುಮಾರಿಗೆ ಇರಬೇಕು. ಅಗ್ಗದ ಥರ್ಮಾಕೋಲ್ ಪೆಟ್ಟಿಗೆಗಳ ಮಾಪಕವನ್ನು ಪರೀಕ್ಷಿಸದೆ ನಂಬಬೇಡಿ. ಅದರ ತಂತಿಯ ತುದಿಯನ್ನೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಒಂದೇ ಲೋಟದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಎರಡನ್ನೂ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ತೇವಾಂಶ ಮಾಪಕವನ್ನು ಪರೀಕ್ಷಿಸಲು ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಹಾಕಿ, ಗಂಜಿಯಂತೆ ಆಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. ಶೇ 82 ತೋರಿಸಿದರೆ, ಮುಂದೆ ಅದು ತೋರಿಸುವ ಪ್ರತಿ ಅಂಕಿಯಿಂದ 7 ಕಳೆಯಿರಿ.

ಇನ್ನು ನೀರಿನ ವಿಷಯ. ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಮೊಟ್ಟೆಯೊಳಗಿನ ನೀರು ದಿನವೂ ಆವಿಯಾಗುತ್ತಿರುತ್ತದೆ. ಹೋದ ನೀರಿನ ಜಾಗದಲ್ಲಿ ಮೊಂಡು ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಚಿಪ್ಪು ಒಡೆಯುವ ಮೊದಲು ಮರಿ ತನ್ನ ಕೊಕ್ಕನ್ನು ಈ ಗಾಳಿಗೂಡಿಗೆ ತೂರಿಸಿ ಮೊದಲ ಉಸಿರು ಎಳೆಯುತ್ತದೆ. ಪೆಟ್ಟಿಗೆಯಲ್ಲಿ ತೇವ ಹೆಚ್ಚಾಗಿ ನೀರು ಹೊರಹೋಗದಿದ್ದರೆ ಗಾಳಿಗೂಡು ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಊದಿಕೊಂಡು ತಿರುಗಲು ಜಾಗವಿಲ್ಲದೆ, ಉಸಿರಿಗೆ ಗಾಳಿ ಸಾಲದೆ ಸಾಯುತ್ತದೆ.

ಆದ್ದರಿಂದ ಮೊದಲ 18 ದಿನ ಪೆಟ್ಟಿಗೆಯೊಳಗೆ ಶೇ 40ರಿಂದ 50ರಷ್ಟು ತೇವಾಂಶ ಸಾಕು. ಹೊರಗೆ ಶೇ 95 ಇರುವಾಗ ಒಳಗೆ ಶೇ 40 ಹೇಗೆ ಬರುತ್ತದೆ ಎಂದು ಹಲವರು ಕೇಳುತ್ತಾರೆ. ಗಾಳಿ ಬಿಸಿಯಾದಂತೆ ಅದು ಹಿಡಿದುಕೊಳ್ಳಬಲ್ಲ ನೀರಿನ ಪ್ರಮಾಣ ಹೆಚ್ಚುವುದರಿಂದ, ಜುಲೈ ತಿಂಗಳ 22 ಡಿಗ್ರಿಯ, ಶೇ 95 ತೇವದ ಗಾಳಿ ಪೆಟ್ಟಿಗೆಯಲ್ಲಿ 37.5 ಡಿಗ್ರಿಗೆ ಏರಿದಾಗ ಅದರ ತೇವಾಂಶ ತಾನಾಗಿಯೇ ಶೇ 40ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಮಳೆಗಾಲದಲ್ಲಿ ತೊಟ್ಟಿಗೆ ಒಂದು ಹನಿ ನೀರೂ ಬೇಡ. ಅದೇ ಜನವರಿಯಲ್ಲಿ, ಕಾಫಿ ಕೊಯ್ಲಿನ ಸಮಯದಲ್ಲಿ, ಕೋಣೆಯ ಗಾಳಿ 20 ಡಿಗ್ರಿ ಮತ್ತು ಶೇ 60 ತೇವದಲ್ಲಿದ್ದರೆ ಪೆಟ್ಟಿಗೆಯೊಳಗೆ ಅದು ಶೇ 22ಕ್ಕೆ ಕುಸಿಯುತ್ತದೆ. ಆಗ ನೀರು ಬೇಕೇ ಬೇಕು. ನೀರಿನ ಆಳದಿಂದ ತೇವಾಂಶ ಹೆಚ್ಚುವುದಿಲ್ಲ, ಅಗಲದಿಂದ ಹೆಚ್ಚುತ್ತದೆ ಎಂಬುದನ್ನೂ ನೆನಪಿಡಿ. ದಿನವೂ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುವುದು ಬಾತುಕೋಳಿ ಮೊಟ್ಟೆಗೆ ಮಾಡುವ ಕ್ರಮ. ಕೋಳಿ ಮೊಟ್ಟೆಗೆ ಅದು ಬೇಡ.

ಮಾಪಕಕ್ಕಿಂತ ನಾನು ಹೆಚ್ಚು ನಂಬುವುದು ಅಡುಗೆಮನೆಯ ತಕ್ಕಡಿಯನ್ನು. ಹದಿನೆಂಟು ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇ 12ರಷ್ಟನ್ನು ಕಳೆದುಕೊಳ್ಳಬೇಕು. ಹತ್ತು ನಾಟಿ ಮೊಟ್ಟೆಗಳು ಒಟ್ಟಿಗೆ 450 ಗ್ರಾಂ ತೂಗಿದರೆ ದಿನಕ್ಕೆ 3 ಗ್ರಾಂ ಇಳಿದು, ಏಳನೆಯ ದಿನ 429, ಹದಿನೆಂಟನೆಯ ದಿನ 396 ಗ್ರಾಂ ಆಗಬೇಕು. ಏಳನೆಯ ದಿನ 440 ಇದ್ದರೆ ತೇವ ಹೆಚ್ಚಾಗಿದೆ, ತೊಟ್ಟಿಯನ್ನು ಒಣಗಿಸಿ ಗಾಳಿಕಿಂಡಿಗಳನ್ನು ಪೂರ್ತಿ ತೆರೆಯಿರಿ. 420ಕ್ಕಿಂತ ಕಡಿಮೆ ಇದ್ದರೆ ನೀರು ಕೊಡಿ. ಈ ಒಂದು ಲೆಕ್ಕವನ್ನು ಬರೆದಿಡಲು ಶುರು ಮಾಡಿದ ಮೇಲೆಯೇ ನನ್ನ ಪೆಟ್ಟಿಗೆಯಲ್ಲಿ ಮರಿಗಳು ಉಳಿಯತೊಡಗಿದವು.

ಪೆನ್ಸಿಲ್ಲಿನಿಂದ ಒಂದು ಬದಿಗೆ ಗುರುತು ಹಾಕಿ, ದಿನಕ್ಕೆ ಮೂರು ಅಥವಾ ಐದು ಬಾರಿ ಮೊಟ್ಟೆಗಳನ್ನು ಹೊರಳಿಸಿ.

ಏಳನೆಯ ರಾತ್ರಿ ಕತ್ತಲೆ ಕೋಣೆಯಲ್ಲಿ ಮೊಂಡು ತುದಿಗೆ ಟಾರ್ಚ್ ಹಿಡಿದರೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣಬೇಕು. ಏನೂ ಕಾಣದಿದ್ದರೆ ಅದು ಬೀಜವಿಲ್ಲದ ಮೊಟ್ಟೆ, ಬರೀ ಕೆಂಪು ಉಂಗುರವಿದ್ದರೆ ಒಳಗಿನ ಜೀವ ಹೋಗಿದೆ, ಎರಡನ್ನೂ ತೆಗೆಯಿರಿ. ಮರಿ ಬದುಕಿದೆಯೇ ಎಂದು ತಿಳಿಯಲು ಮೊಟ್ಟೆಯನ್ನು ಬಿಸಿನೀರಿನಲ್ಲಿ ತೇಲಿಸಿ ನೋಡುವವರಿದ್ದಾರೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಮರಿ ಮುಳುಗಿ ಸಾಯುವುದರಿಂದ ಆ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ.

ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಗಾಬರಿಯಾಗಬೇಕಿಲ್ಲ. ಎರಡು ಮೂರು ಗಂಟೆಯ ತಂಪನ್ನು ಮೊಟ್ಟೆ ತಾಳಿಕೊಳ್ಳುತ್ತದೆ, ಹೆಚ್ಚಿದ ಬಿಸಿಯನ್ನು ತಾಳುವುದಿಲ್ಲ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಆದರೂ ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಹೋಗುವ ಭಯವಿರುವುದರಿಂದ ಇನ್ವರ್ಟರ್ ಇಲ್ಲದವರು ಜೂನ್, ಜುಲೈನಲ್ಲಿ ಮೊಟ್ಟೆ ಇಡಲೇಬಾರದು. ತುಲಾ ಸಂಕ್ರಮಣ ಕಳೆದ ಮೇಲೆ ಇಡಿ.

ದಿನಗಳ ಎಣಿಕೆಯಲ್ಲಿ ತಪ್ಪುವವರು ಬಹಳ. ಇಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು. ಸೋಮವಾರ ಇಟ್ಟರೆ ಮೂರು ವಾರದ ನಂತರದ ಸೋಮವಾರ ಮರಿ ಬರುತ್ತದೆ, ಅದಕ್ಕೂ ಮೊದಲಿನ ಶುಕ್ರವಾರ ಹದಿನೆಂಟನೆಯ ದಿನ. ಅಂದು ಹೊರಳಿಸುವುದನ್ನು ನಿಲ್ಲಿಸಿ, ಇಷ್ಟು ದಿನ ಒಣಗಿದ್ದ ತೊಟ್ಟಿಗೆ ಉಗುರುಬೆಚ್ಚಗಿನ ನೀರು ತುಂಬಿಸಿ, ತೇವಾಂಶವನ್ನು ಶೇ 65ರಿಂದ 70ಕ್ಕೆ ಏರಿಸಿ ಮುಚ್ಚಳ ಹಾಕಿಬಿಡಿ. ಈಗ ತೇವ ಕಡಿಮೆಯಾದರೆ ಒಳಪೊರೆ ಒಣಗಿ ಮರಿಯನ್ನು ಬಿಗಿಯುತ್ತದೆ. ಒಂದು ಮರಿ ಚಿಪ್ಪು ಚುಚ್ಚಿದ ಸಂಭ್ರಮದಲ್ಲಿ ಮುಚ್ಚಳ ತೆರೆದರೆ ಉಳಿದವುಗಳ ಪೊರೆ ಒಣಗುವ ಅಪಾಯವಿದೆ. ಚಿಪ್ಪಿಗೆ ತೂತು ಬಿದ್ದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಅದು ಸುಮ್ಮನಿರುವಂತೆ ಕಂಡರೂ, ನರಗಳಲ್ಲಿನ ರಕ್ತವನ್ನೂ ಉಳಿದ ಭಂಡಾರವನ್ನೂ (ಮೊಟ್ಟೆಯ ಹಳದಿ ಭಾಗವನ್ನೂ) ಒಳಗೆಳೆದುಕೊಳ್ಳುತ್ತಿರುತ್ತದೆ. ಕನಿಕರದಿಂದ ಚಿಪ್ಪು ಸುಲಿದರೆ ರಕ್ತ ಸುರಿದು ಮರಿ ಸಾಯುತ್ತದೆ.

ಹೊರಬಂದ ಮರಿಯನ್ನು ಮೈ ಒಣಗಿ ತುಪ್ಪಳ ಅರಳುವವರೆಗೆ ಪೆಟ್ಟಿಗೆಯಲ್ಲೇ ಬಿಡಿ. ಹೊಟ್ಟೆಯೊಳಗಿನ ಭಂಡಾರ ಎರಡು ದಿನಕ್ಕೆ ಸಾಕಾಗುವುದರಿಂದ ಅದು ಹಸಿಯುವುದಿಲ್ಲ. ನಂತರ 35 ಡಿಗ್ರಿ ಬಿಸಿಯಿರುವ ಬಲ್ಬಿನ ಕೆಳಗೆ ಇರಿಸಿ, ವಾರಕ್ಕೆ ಮೂರು ಡಿಗ್ರಿಯಂತೆ ಬಿಸಿ ಇಳಿಸಿ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿದರೆ ಜಾರಿ ಕಾಲು ಅಗಲವಾಗುತ್ತದೆ, ಗೋಣಿಚೀಲ ಹಾಸಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿಸಿ, ಕೊಕ್ಕು ಅದ್ದುವಷ್ಟು ನೀರು ಮಾತ್ರ ನಿಲ್ಲುವಂತೆ ಮಾಡಿ.