ನನ್ನ ಕಾಲೇ ಮೀನು ಓಡಿಸುತ್ತಿತ್ತು

ಬೆಟ್ಟದ ತೊರೆಗಳಲ್ಲಿ ಟ್ರೌಟ್ ಹಿಡಿಯಲು ಹೋದ ಮೊದಲ ವರ್ಷ ನಾನು ಮೀನಿಗಿಂತ ಅದರ ನೆರಳನ್ನೇ ಜಾಸ್ತಿ ನೋಡಿದೆ. ಗುಂಡಿಯ ಪಕ್ಕ ಹೋಗಿ ನಿಂತರೆ ಸಾಕು, ಎರಡು ಮೂರು ಕಪ್ಪು ಗೆರೆಗಳು ಸರಕ್ಕನೆ ಬಂಡೆಯಡಿ ಸೇರುತ್ತಿದ್ದವು. ಆಮೇಲೆ ಅರ್ಧ ಗಂಟೆ ಖಾಲಿ ನೀರಿಗೆ ಗಾಳ ಎಸೆಯುವುದೇ ನನ್ನ ಕೆಲಸ. ತಪ್ಪು ಫ್ಲೈನದ್ದು, ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳುವಿನದ್ದು ಅಂದುಕೊಂಡು ಡಬ್ಬಿ ತುಂಬ ಬಗೆಬಗೆಯ ಫ್ಲೈ ತುಂಬಿಸಿದೆ. ತಪ್ಪು ನನ್ನ ಕಾಲಿನದ್ದಾಗಿತ್ತು.

ಹರಿಯುವ ನೀರಿನಲ್ಲಿ ಟ್ರೌಟ್ ಸೆಳವಿಗೆ ಮುಖ ಕೊಟ್ಟು ನಿಲ್ಲುತ್ತದೆ. ಅದರ ಊಟ ಮೇಲಿನಿಂದ ತೇಲಿ ಬರುತ್ತದಲ್ವಾ, ಅದಕ್ಕೆ. ಹಾಗಾಗಿ ನಾವು ಅದರ ಬೆನ್ನ ಕಡೆಯಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ನೀರೊಳಗಿನ ಮೀನಿಗೆ ಹೊರಗಿನದೆಲ್ಲ ತಲೆಯ ಮೇಲಿರುವ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ತಗ್ಗಿನಲ್ಲಿರುವುದು ಅದರ ಅಂಚಿನಲ್ಲಿ ಅಮುಕಿಕೊಂಡು ಮಸುಕಾಗುತ್ತದೆ. ಇದು ಗೊತ್ತಾದ ಮೇಲೆ ಪ್ರತಿ ಗುಂಡಿಗೂ ಮೊಣಕಾಲೂರಿಕೊಂಡೇ ಹೋಗುತ್ತೇನೆ. ನೋಡುವವರಿಗೆ ನಗು ಬರುತ್ತದೆ, ಬರಲಿ. ಕಾಲಡಿಯ ಕಲ್ಲು ಹೊರಳಿದರೂ ಕೆಲಸ ಕೆಟ್ಟಿತು. ಮೈಯ ಎರಡೂ ಬದಿಯ ಗೆರೆಯಲ್ಲಿ ಮೀನಿಗೆ ಆ ಅದುರು ಗೊತ್ತಾಗಿಬಿಡುತ್ತದೆ.

ಇನ್ನೊಂದು ಪಾಠ ಕಲಿಯಲು ಎರಡು ವರ್ಷ ಬೇಕಾಯಿತು. ದೊಡ್ಡ ಮೀನು ಗುಂಡಿಯ ತಲೆಯಲ್ಲಿ, ನೀರು ಧುಮುಕುವಲ್ಲಿ ಇರುತ್ತದೆ ಎಂದು ನೇರ ಅಲ್ಲಿಗೇ ಎಸೆಯುತ್ತಿದ್ದೆ. ಗುಂಡಿಯ ಬಾಲದಲ್ಲಿ, ನೀರು ತೆಳುವಾಗಿ ಹರಿದು ಹೋಗುವ ಕಡೆ, ಒಂದು ಚಿಕ್ಕ ಮೀನು ಕಾದಿರುತ್ತದೆ. ನನ್ನ ಲೈನ್ ಅದರ ಮೇಲೆ ಬೀಳುತ್ತಿತ್ತು. ಅದು ಬೆದರಿ ಮೇಲಕ್ಕೆ ಓಡಿ ಉಳಿದವನ್ನೂ ಎಬ್ಬಿಸುತ್ತಿತ್ತು. ಈಗ ಮೊದಲ ಎಸೆತ ಬಾಲಕ್ಕೆ. ಆಮೇಲೆ ಮಧ್ಯದ ನೊರೆ ಸಾಲಿಗೆ. ನೊರೆ ಸಾಗುವ ದಾರಿಯಲ್ಲೇ ಹುಳುಗಳೂ ಸಾಗುತ್ತವೆ. ತಲೆಯ ಕಡೆಯದು ಕೊನೆಗೆ.

ನನ್ನ ರಾಡ್ 7 ಅಡಿಯದು, ಲೈನ್ ಹಗುರವಾದ 3ನೇ ನಂಬರಿನದು. ಫ್ಲೈ ಬಹುತೇಕ 14 ಅಥವಾ 16ರ ಚಿಕ್ಕ ಸೈಜಿನ, ತೇಲುವ ಬಗೆಯದು. ಡಬ್ಬಿಯ ಉಳಿದ ಫ್ಲೈಗಳು ಸುಮ್ನೆ ಭಾರ. ಚಿಕ್ಕ ತೊರೆಯ ಮೀನಿಗೆ ಯೋಚಿಸಲು ಪುರುಸೊತ್ತಿಲ್ಲ, ಒಂದೆರಡು ಸೆಕೆಂಡಿನಲ್ಲಿ ಊಟ ಕಣ್ಣೆದುರೇ ದಾಟಿಹೋಗುತ್ತದೆ. ಆದರೆ ಫ್ಲೈ ನೀರಿನ ಜೊತೆಗೇ ತೇಲಬೇಕು. ನಡುವಿನ ಸೆಳವು ಲೈನನ್ನು ಎಳೆದರೆ ಫ್ಲೈ ಗೆರೆ ಹಾಕಿಕೊಂಡು ಓಡುತ್ತದೆ, ಮೀನು ಮುಟ್ಟುವುದಿಲ್ಲ. ಅದಕ್ಕೆ ನಾನು ರಾಡನ್ನು ಎತ್ತಿ ಹಿಡಿದು, ಲೈನ್ ನೀರಿಗೆ ತಾಗದಂತೆ ನೋಡಿಕೊಳ್ಳುತ್ತೇನೆ. ಜಪಾನಿನ ಬೆಟ್ಟಗಳ ತೆಂಕಾರಾ ಪದ್ಧತಿಯಲ್ಲಿ ರೀಲೇ ಇಲ್ಲ, ಉದ್ದ ಕೋಲಿನ ತುದಿಗೇ ದಾರ. ಇಂಥ ನೀರಿಗೆ ಅದು ಎಷ್ಟು ಸಾಕು ಎಂದು ಒಮ್ಮೆ ಹಿಡಿದು ನೋಡಿದರೆ ತಿಳಿಯುತ್ತದೆ.

ಥರ್ಮಾಮೀಟರ್ ಮಾತ್ರ ಮರೆಯುವುದಿಲ್ಲ. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ರಾಡ್ ಮಡಚಿ ವಾಪಸ್. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸುಸ್ತಾದ ಮೀನು ಬಿಟ್ಟ ಮೇಲೂ ಸಾಯಬಹುದು. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಬಿಡುತ್ತೇನೆ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತೇನೆ, ಒಣ ಕೈಗೆ ಅದರ ಮೈಯ ಲೋಳೆ ಅಂಟಿಬರುತ್ತದೆ. ಬ್ರೌನ್ ಟ್ರೌಟ್ ಚಳಿಗಾಲಕ್ಕೆ ಮುಂಚೆ ಜಲ್ಲಿಯಲ್ಲಿ ಮೊಟ್ಟೆ ಹೂಳುತ್ತದೆ. ಆ ದಿನಗಳಲ್ಲಿ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ಜಲ್ಲಿಯ ಮೇಲೆ ಕಾಲಿಡುವುದಿಲ್ಲ.

ಮೊನ್ನೆ ಕೊಂಬೆಗಳು ಬಾಗಿದ್ದ ಒಂದು ಗುಂಡಿಯಲ್ಲಿ ರಾಡ್ ಬೀಸಲು ಜಾಗವೇ ಇರಲಿಲ್ಲ. ಕೊಕ್ಕೆಯ ಬಾಗನ್ನು ಬೆರಳಲ್ಲಿ ಹಿಡಿದು, ರಾಡನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟೆ. ಫ್ಲೈ ಹೋಗಿ ಬಂಡೆಯ ಪಕ್ಕ ಕೂತಿತು. ಬಿದ್ದದ್ದು 7 ಇಂಚಿನ ಮೀನು. ಮರಿಯಲ್ಲ. ಊಟ ಕಡಿಮೆ ಇರುವ ಇಂಥ ತಣ್ಣನೆಯ ನೀರಿನಲ್ಲಿ ಅಷ್ಟಿದ್ದರೆ ಮೊಟ್ಟೆಯಿಡುವ ವಯಸ್ಸಿನದೇ. ಬಿಟ್ಟೆ. ಖುಷಿಯಲ್ಲಿ ಹಾಗೇ ಎದ್ದು ನಿಂತೆ. ನನಗೆ ಕಾಣದೇ ಉಳಿದಿದ್ದ ಇನ್ನೆರಡು ಕಪ್ಪು ಗೆರೆಗಳು ಸರಕ್ಕನೆ ಬಂಡೆಯಡಿ ಹೋದವು.