ಮೂಗು ಸೋರುವ ಮಗುವನ್ನು ಮನೆಗೆ ಕಳಿಸುವುದನ್ನು ನಾನು ಬಿಟ್ಟದ್ದು

ನಮ್ಮ ಶಿಶುಪಾಲನಾ ಕೇಂದ್ರದ ಆಯಾಗಳ ಮಾತಿನಲ್ಲಿ ‘ಹನ್ನೆರಡು ಗಂಟೆ ಜ್ವರ’ ಎಂಬ ಕಾಯಿಲೆಯೊಂದಿತ್ತು. ಬೆಳಿಗ್ಗೆ ಎಂಟೂವರೆಗೆ ಬರುವಾಗ ಮಗು ಚೆನ್ನಾಗಿಯೇ ಇರುತ್ತದೆ, ಆಡುತ್ತದೆ, ಹತ್ತು ಗಂಟೆಗೆ ಕೊಟ್ಟ ರಾಗಿ ಸರಿಯನ್ನೂ ತಿನ್ನುತ್ತದೆ; ಹನ್ನೆರಡರ ಹೊತ್ತಿಗೆ ಮಂಕಾಗಿ ಆಯಾಳ ತೊಡೆಗೆ ಒರಗುತ್ತದೆ, ಹಣೆ ಮುಟ್ಟಿದರೆ ಕೆಂಡ. ಮನೆಯಿಂದ ಹೊರಡುವ ಮುನ್ನ ಕುಡಿಸಿದ ಪ್ಯಾರಾಸಿಟಮಾಲ್ ಸಿರಪ್ಪಿನ ಪ್ರಭಾವ ನಾಲ್ಕೈದು ಗಂಟೆಗಳಲ್ಲಿ ಇಳಿಯುವುದೇ ಈ ಕಾಯಿಲೆಯ ಗುಟ್ಟೆಂದು ತಿಳಿಯಲು ನಮಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಆ ತಾಯಂದಿರು ಹಾಗೇಕೆ ಮಾಡುತ್ತಾರೆಂಬುದು ತಿಳಿಯಲು ಮಾತ್ರ ಎರಡು ವರ್ಷ ಹಿಡಿಯಿತು.

ಮೈಸೂರಿನ ಕುವೆಂಪುನಗರದಲ್ಲಿ, ನಮ್ಮದೇ ಮನೆಯ ಕೆಳ ಅಂತಸ್ತಿನಲ್ಲಿ ಈ ಕೇಂದ್ರ ನಡೆಯುತ್ತಿದೆ. ಆರು ತಿಂಗಳಿನಿಂದ ಮೂರೂವರೆ ವರ್ಷದವರೆಗಿನ 18 ಮಕ್ಕಳು, ನಾಲ್ವರು ಆಯಾಗಳು, ನಾನು. ಆರಂಭದ ದಿನಗಳಲ್ಲಿ ನಾನು ಒಂದು ಕಟ್ಟುನಿಟ್ಟಿನ ನಿಯಮ ಮಾಡಿದ್ದೆ: ಮೂಗು ಸೋರುವ, ಕೆಮ್ಮುವ ಯಾವ ಮಗುವಿಗೂ ಪ್ರವೇಶವಿಲ್ಲ, ಮಧ್ಯದಲ್ಲಿ ಸೋರಲಾರಂಭಿಸಿದರೆ ತಕ್ಷಣ ಫೋನು, ಒಂದು ಗಂಟೆಯೊಳಗೆ ಬಂದು ಕರೆದೊಯ್ಯಬೇಕು. ಅದನ್ನು ದೊಡ್ಡ ಅಕ್ಷರಗಳಲ್ಲಿ ಬಾಗಿಲಿಗೆ ಅಂಟಿಸಿದ್ದೆ ಕೂಡ. ಶಿಸ್ತಿನ ಕೇಂದ್ರವೆಂದು ನನಗೆ ಹೆಸರು ಬಂತು. ಕಾಯಿಲೆಗಳು ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಒಂದು ಆಷಾಢದಲ್ಲಿ, ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದ ತಾಯಿಯೊಬ್ಬರು ಹತ್ತು ತಿಂಗಳ ಕೂಸನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತರು. ಜ್ವರದ ವಿಷಯ ಮುಚ್ಚಿಟ್ಟಿದ್ದಕ್ಕೆ ನಾನು ಸ್ವಲ್ಪ ಬಿರುಸಾಗಿಯೇ ಮಾತನಾಡಿದ್ದೆ. ಅವರು ತಿರುಗಿ ಜಗಳವಾಡಲಿಲ್ಲ. “ಅಕ್ಕ, ಈ ತಿಂಗಳು ನೀವು ಇವನನ್ನು ಆರು ದಿನ ವಾಪಸು ಕಳಿಸಿದ್ದೀರಿ. ಬರೀ ಮೂಗು ಸೋರಿದ್ದಕ್ಕೆ ಆರು ದಿನ. ನಿಜವಾದ ಜ್ವರ ಬಂದಾಗ ರಜೆ ಎಲ್ಲಿಂದ ತರಲಿ ಹೇಳಿ” ಎಂದರು. ನನ್ನ ನಿಯಮ ರೋಗವನ್ನು ತಡೆಯುವ ಬದಲು ಸುಳ್ಳನ್ನು ಬೆಳೆಸುತ್ತಿದೆಯೆಂಬುದು ಆ ಹೊತ್ತಿಗೆ ನನಗೆ ತಟ್ಟಿತು.

ಆ ವಾರವೇ ಒಂದು ಉದ್ದನೆಯ ರಿಜಿಸ್ಟರು ತಂದು, ಪ್ರತಿ ಮಗುವಿಗೆ ಒಂದು ಪುಟದಂತೆ, ಯಾವ ದಿನ ಯಾವ ಲಕ್ಷಣ ಕಂಡಿತು, ಎಷ್ಟು ದಿನ ಇತ್ತು, ಅದೇ ವಾರ ಇನ್ನಾರಿಗೆ ಬಂತು ಎಂದು ಬರೆಯಲಾರಂಭಿಸಿದೆ. ಆರು ತಿಂಗಳ ಬಳಿಕ ಅದನ್ನು ನಮ್ಮ ಬಡಾವಣೆಯ ಮಕ್ಕಳ ವೈದ್ಯರೊಬ್ಬರ ಮುಂದಿಟ್ಟಾಗ ಅವರು ಪುಟ ತಿರುವಿ, ಇದರಲ್ಲಿ ಅಸಹಜವಾದದ್ದೇನೂ ಇಲ್ಲವೆಂದರು. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು ಬಗೆಯವು. ಒಂದು ಬಂದು ಹೋದರೆ ಇನ್ನೊಂದಕ್ಕೆ ರಕ್ಷಣೆ ಸಿಗುವುದಿಲ್ಲ. ಮನೆಯಲ್ಲೇ ಬೆಳೆಯುವ ಎಳೆಯ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಬಾರಿ ನೆಗಡಿಯಾಗುತ್ತದೆ. ಇತರ ಮಕ್ಕಳೊಡನೆ ದಿನವಿಡೀ ಇರುವ ಮಗುವಿಗೆ ಅದು ಹತ್ತು ಹನ್ನೆರಡಕ್ಕೂ ಹೋಗಬಹುದು. ಒಂದೊಂದು ನೆಗಡಿಯೂ ಏಳರಿಂದ ಹತ್ತು ದಿನ, ಅದರ ಕೆಮ್ಮು ಕೆಲವೊಮ್ಮೆ ಎರಡು ಮೂರು ವಾರ. ಹತ್ತು ನೆಗಡಿಗೆ ಹತ್ತು ಹತ್ತು ದಿನವೆಂದರೂ ವರ್ಷದಲ್ಲಿ ನೂರು ದಿನ ಮೂಗು ಸೋರುತ್ತಲೇ ಇರುತ್ತದೆ. ಅಷ್ಟೂ ದಿನ ಮಗುವನ್ನು ಹೊರಗಿಡುವುದೆಂದರೆ ತಾಯಿಗೆ ನೌಕರಿ ಬಿಡೆಂದು ಹೇಳಿದಂತೆಯೇ. ಇಷ್ಟಾಗಿಯೂ ಪ್ರಯೋಜನವಿಲ್ಲ, ಏಕೆಂದರೆ ನೆಗಡಿ ಇತರರಿಗೆ ಹರಡುವುದು ಸಿಂಬಳ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ, ಮತ್ತು ಮೊದಲ ಎರಡು ಮೂರು ದಿನಗಳಲ್ಲೇ ಹೆಚ್ಚು. ನಾನು ಫೋನು ಮಾಡುವ ಹೊತ್ತಿಗೆ ಅದು ಪಕ್ಕದ ಚಾಪೆಯನ್ನು ದಾಟಿಯಾಗಿರುತ್ತಿತ್ತು.

ಇನ್ನೊಂದು ಸಂಗತಿಯನ್ನೂ ಅವರೇ ತೋರಿಸಿಕೊಟ್ಟರು. ಬಸುರಿನಲ್ಲಿ ತಾಯಿಯಿಂದ ಮಗುವಿಗೆ ಬಂದಿರುವ ರೋಗನಿರೋಧಕ ಅಂಶಗಳು ಸುಮಾರು ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಕರಗಿಹೋಗುತ್ತವೆ. 2017ರ ತಿದ್ದುಪಡಿಯ ಬಳಿಕ ಕಾಯ್ದೆಯಂತೆ ಸಿಗುವ ಹೆರಿಗೆ ರಜೆ 26 ವಾರ, ಅಂದರೆ ಸರಿಯಾಗಿ ಆರು ತಿಂಗಳು. ತಾಯಿ ಸಾಲವಾಗಿ ಕೊಟ್ಟ ರಕ್ಷಣೆ ತೀರುವುದೂ, ತಾಯಿಯ ರಜೆ ತೀರುವುದೂ, ಮಗು ಹದಿನೇಳು ಮಕ್ಕಳ ನಡುವೆ ಬಂದು ಬೀಳುವುದೂ ಒಂದೇ ತಿಂಗಳಲ್ಲಿ. ಮೊದಲ ಮೂರು ತಿಂಗಳಲ್ಲೇ “ನಿಮ್ಮ ಜಾಗ ನಮ್ಮ ಮಗುವಿಗೆ ಒಗ್ಗುತ್ತಿಲ್ಲ” ಎಂಬ ಮಾತು ನನಗೇಕೆ ಪದೇ ಪದೇ ಕೇಳಿಬರುತ್ತಿತ್ತೆಂಬುದಕ್ಕೆ ಇದೇ ಉತ್ತರವಾಗಿತ್ತು.

ರಿಜಿಸ್ಟರಿನಲ್ಲಿ ನಾಚಿಕೆಪಡಬೇಕಾದ ಪುಟಗಳೂ ಇದ್ದವು. ನೆಗಡಿಯು ಋತುಮಾನವನ್ನು ಅನುಸರಿಸಿ ಬಂದು ಹೋಗುತ್ತಿದ್ದರೆ, ವಾಂತಿ ಭೇದಿ ಮಾತ್ರ ಒಂದು ಮಗುವಿನಿಂದ ಮತ್ತೊಂದಕ್ಕೆ ಎರಡು ಮೂರು ದಿನಗಳ ಅಂತರದಲ್ಲಿ ಸಾಲು ಹಿಡಿದು ನಡೆಯುತ್ತಿತ್ತು. ಅದು ಗಾಳಿಯ ತಪ್ಪಲ್ಲ, ನಮ್ಮ ಕೈಗಳ ತಪ್ಪು. ಡೈಪರ್ ಬದಲಿಸುವ ಹಲಗೆ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡೇ ಇತ್ತು. ಡೈಪರ್ ಬದಲಿಸಿದ ಆಯಾ ಕೈಗೆ ಎರಡು ಹನಿ ಸ್ಯಾನಿಟೈಸರ್ ಉಜ್ಜಿಕೊಂಡು ಅನ್ನ ಕಲಸಲು ಕೂರುತ್ತಿದ್ದರು. ಸಿಂಕಿನ ಪಕ್ಕದಲ್ಲಿ ಎಲ್ಲರಿಗೂ ಸೇರಿ ಒಂದೇ ಟವೆಲ್ ತೂಗುತ್ತಿತ್ತು. ಅದನ್ನು ದಿನವೂ ಒಗೆಯುತ್ತಿದ್ದೆವೆಂಬ ಹೆಮ್ಮೆ ಬೇರೆ. ಭೇದಿ ತರುವ ನೊರೋವೈರಸ್‌ನಂಥವು ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ, ಅವನ್ನು ಸೋಪು ನೀರಿನಿಂದ ಉಜ್ಜಿ ತೊಳೆದು ಚರಂಡಿಗೇ ಹರಿಸಬೇಕೆಂಬುದು ನನಗೆ ಆಗ ತಿಳಿದಿರಲಿಲ್ಲ.

ಹಲಗೆಯನ್ನು ಹಿಂದಿನ ಬಚ್ಚಲ ಬದಿಗೆ ಸರಿಸಿ, ಅಲ್ಲಿಯೇ ಒಂದು ನಲ್ಲಿ ಹಾಕಿಸಿದೆ. ಆ ದಿನ ಡೈಪರ್ ಕೆಲಸ ಮಾಡುವವರು ಅಡುಗೆಮನೆಗೆ ಕಾಲಿಡಬಾರದು, ಬಡಿಸಬಾರದು, ಹಾಲಿನ ಬಾಟಲಿ ಮುಟ್ಟಬಾರದು ಎಂದು ಕೆಲಸವನ್ನು ಪಾಳಿಯಂತೆ ಹಂಚಿದೆ. ಇದು ಹೇಳಿದಷ್ಟು ಸುಲಭವಾಗಿರಲಿಲ್ಲ. ಡೈಪರ್ ಪಾಳಿ ಕೀಳೆಂಬ ಭಾವನೆ ಆಯಾಗಳಲ್ಲಿ ಬೆಳೆಯದಿರಲೆಂದು ವಾರದಲ್ಲಿ ಒಂದು ದಿನ ಆ ಪಾಳಿಯನ್ನು ನಾನೇ ಮಾಡುತ್ತೇನೆ. ಕೈ ತೊಳೆಯಲು ಇಪ್ಪತ್ತು ಸೆಕೆಂಡು ಎಂದು ಗೋಡೆಯಲ್ಲಿ ಬರೆದರೆ ಯಾರೂ ಎಣಿಸುವುದಿಲ್ಲ. ಶಿಶುಪ್ರಾಸವೊಂದನ್ನು ಎರಡು ಸಲ ಹೇಳಿ ಮುಗಿಸುವವರೆಗೆ ಉಜ್ಜಬೇಕೆಂದಾಗ ಮಕ್ಕಳೂ ಉಜ್ಜಿದರು, ದೊಡ್ಡವರೂ ಉಜ್ಜಿದರು. ಟವೆಲಿಗೆ ಬದಲು ಹಳೆಯ ಹತ್ತಿ ಪಂಚೆಗಳನ್ನು ಕತ್ತರಿಸಿ, ಒಂದಕ್ಕೆ ಆನೆ, ಒಂದಕ್ಕೆ ಕಾಗೆ, ಒಂದಕ್ಕೆ ಮಾವಿನಕಾಯಿ ಎಂದು ಮೂಲೆಯಲ್ಲಿ ಕಸೂತಿ ಹಾಕಿಸಿ, ದೂರ ದೂರ ಹೊಡೆದ ಮೊಳೆಗಳಿಗೆ ತೂಗುಹಾಕಿದೆವು. ಎರಡು ವರ್ಷದ ಮಗು ತನ್ನ ಆನೆಯನ್ನು ಇನ್ನೊಬ್ಬರು ಮುಟ್ಟಲು ಬಿಡುವುದಿಲ್ಲವೆಂಬುದು ನಮಗೆ ಅನಾಯಾಸವಾಗಿ ಒದಗಿದ ಕಾವಲು.

ನೆಲ ಒರೆಸುವ ಫಿನಾಯಿಲಿನ ವಿಷಯ ಬೇರೆ. ಆ ವಾಸನೆ ಬಂದರೆ ಪೋಷಕರಿಗೆ ಸಮಾಧಾನ, ವೈರಸ್ಸಿಗೆ ಮಾತ್ರ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ವಾಂತಿ ಭೇದಿಯಾದ ಜಾಗವನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ ಸೋಡಿಯಂ ಹೈಪೋಕ್ಲೋರೈಟಿನ ತೆಳು ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡುತ್ತೇವೆ. ಶೇಕಡಾ 5ರ ದ್ರಾವಣವಾದರೆ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಸಾಕು; ಬೆರೆಸಿಟ್ಟರೆ ಸತ್ವ ಕಳೆದುಕೊಳ್ಳುವುದರಿಂದ ಅಂದಂದಿಗೆ ಬೆರೆಸಬೇಕು, ಮಕ್ಕಳ ಕೈಗೆ ಸಿಗದಂತೆ ಮೇಲಿಡಬೇಕು. ಬಾಯಿಗಿಟ್ಟ ಆಟಿಕೆಗಳಿಗೆ ಒಂದು ಪ್ರತ್ಯೇಕ ಬಕೆಟ್ಟು. ತೊಳೆದು ಬಿಸಿಲಿಗಿಟ್ಟ ಬಳಿಕವೇ ಅವು ಮತ್ತೆ ಆಟಕ್ಕೆ. ತೊಳೆಯಲಾಗದ ಕರಡಿಗೊಂಬೆಗಳನ್ನೆಲ್ಲ ಅಟ್ಟಕ್ಕೆ ಏರಿಸಿದೆ. ಇಷ್ಟು ಮಾಡಿದ ಮೇಲೆ ಭೇದಿಯ ಸಾಲು ಮುರಿಯಿತು. ಈಗಲೂ ಒಂದು ಮಗುವಿಗೆ ಬರುತ್ತದೆ, ಆದರೆ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ನೆಗಡಿಯ ವಿಷಯದಲ್ಲಿ ಇಂಥ ಗೆಲುವನ್ನು ನಾನು ಹೇಳಿಕೊಳ್ಳಲಾರೆ. ಆಷಾಢದ ಗಾಳಿ ಬೀಸತೊಡಗಿತೆಂದರೆ ಅಜ್ಜಿಯರು “ಕಿಟಕಿ ಮುಚ್ಚಮ್ಮ, ಕೂಸಿಗೆ ಗಾಳಿ ತಾಗುತ್ತೆ” ಎನ್ನುತ್ತಾರೆ. ನಾನು ಮಕ್ಕಳಿಗೆ ಸ್ವೆಟರ್ ಹಾಕಿಸಿ ಎದುರು ಬದುರಿನ ಕಿಟಕಿಗಳನ್ನು ತೆರೆದೇ ಇಡುತ್ತೇನೆ, ಏಕೆಂದರೆ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒಬ್ಬರು ಬಿಟ್ಟ ಉಸಿರನ್ನೇ ಮತ್ತೊಬ್ಬರು ಎಳೆದುಕೊಳ್ಳಬೇಕಾಗುತ್ತದೆ. ಮಲಗಿಸುವ ಚಾಪೆಗಳ ನಡುವೆ ಮೂರು ಅಡಿ ಬಿಟ್ಟು, ಒಂದು ಮಗುವಿನ ತಲೆಯ ಪಕ್ಕಕ್ಕೆ ಇನ್ನೊಂದರ ಕಾಲು ಬರುವಂತೆ ಮಲಗಿಸುತ್ತೇವೆ. ಇವುಗಳಿಂದ ನೆಗಡಿ ಸ್ವಲ್ಪ ಕಡಿಮೆಯಾಗಿರಬಹುದು. ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಲಿಲ್ಲವೆಂದು ಹೇಳುವುದೇ ಪ್ರಾಮಾಣಿಕ.

ಹೀಗಾಗಿ ಬಾಗಿಲಿನ ನಿಯಮವನ್ನು ಕಿತ್ತು ಹೊಸದಾಗಿ ಬರೆದೆ. ಮೂಗು ಸೋರಲಿ, ಸಿಂಬಳ ಹಸಿರಾಗಿಯೇ ಇರಲಿ, ಮಗು ಆಡುತ್ತ ಉಣ್ಣುತ್ತ ಇದ್ದರೆ ಬರಬಹುದು. ಹಸಿರು ಬಣ್ಣವೊಂದೇ ಆಂಟಿಬಯೋಟಿಕ್ ಬೇಕೆಂಬುದರ ಗುರುತಲ್ಲ. ನೆಗಡಿಯ ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಆದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವಿದ್ದರೆ, ಔಷಧಿಯಿಲ್ಲದೆ ಒಂದು ಪೂರ್ತಿ ದಿನ ಜ್ವರ ಬಿಟ್ಟಿರುವವರೆಗೆ ಮನೆಯಲ್ಲಿರಬೇಕು. ವಾಂತಿ ಭೇದಿಯಾದರೆ ನಿಂತ ಮೇಲೆ ಎರಡು ದಿನ. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ. ಅದು ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಹರಡಿರುತ್ತದೆಂಬುದು ನಿಜ, ಆದರೂ ಇಲ್ಲಿ ರಾಜಿಯಿಲ್ಲ.

ಕೈ ಕಾಲು ಬಾಯಿ ರೋಗದಲ್ಲಿ ಮಾತ್ರ ನನ್ನ ನಿಲುವು ಅರ್ಧ ವಿಜ್ಞಾನ, ಅರ್ಧ ಲೋಕವ್ಯವಹಾರ. ಕಾಕ್ಸಾಕಿ ಗುಂಪಿನ ವೈರಸ್‌ನಿಂದ ಬರುವ ಈ ರೋಗದಲ್ಲಿ ಗುಳ್ಳೆ ಒಣಗಿದ ಮೇಲೂ ಮಲದ ಮೂಲಕ ವೈರಸ್ ವಾರಗಟ್ಟಲೆ ಹೊರಬರುತ್ತಿರುತ್ತದೆ. ಹಾಗಾಗಿ ಜ್ವರ ಬಿಟ್ಟು, ಊಟ ಸೇರಿ, ಜೊಲ್ಲು ಸುರಿಯುವುದು ನಿಂತ ಮೇಲೆ ಮಗುವನ್ನು ಹೊರಗಿಡುವುದರಿಂದ ದೊಡ್ಡ ಲಾಭವಿಲ್ಲ, ಡೈಪರಿನ ಎಚ್ಚರವೇ ಮುಖ್ಯ. ಇದನ್ನು ನಂಬಿ ಒಮ್ಮೆ ಅಂಗೈಯಲ್ಲಿ ಗುಳ್ಳೆಯಿದ್ದ ಮಗುವನ್ನು ಒಳಗೆ ಬಿಟ್ಟಾಗ ಒಂದೇ ಸಂಜೆ ಐವರು ತಾಯಂದಿರು ಫೋನು ಮಾಡಿದರು, ಒಂದು ಮಗು ಕೇಂದ್ರವನ್ನೇ ಬಿಟ್ಟಿತು. ಅಂದಿನಿಂದ ಗುಳ್ಳೆ ಒಣಗುವವರೆಗೆ ಮನೆಯಲ್ಲಿರಲಿ ಎನ್ನುತ್ತೇನೆ, ಜೊತೆಗೆ ಅದೇ ದಿನ ಎಲ್ಲ ಪೋಷಕರಿಗೂ ಮಗುವಿನ ಹೆಸರು ಹೇಳದೆ ವಾಟ್ಸಾಪ್‌ನಲ್ಲಿ ತಿಳಿಸುತ್ತೇನೆ. ಮುಚ್ಚಿಟ್ಟ ಸುದ್ದಿ ಅವರನ್ನು ರೋಗಕ್ಕಿಂತ ಹೆಚ್ಚು ಹೆದರಿಸುತ್ತದೆ.

ಔಷಧಿಯ ವಿಷಯದಲ್ಲಿ ನಾನು ಇನ್ನೂ ಬಿರುಸು. ವೈದ್ಯರ ಚೀಟಿ ಮತ್ತು ತಾಯಿ ಅಥವಾ ತಂದೆ ಪ್ರಮಾಣ, ಸಮಯ ಬರೆದ ಪುಟವಿಲ್ಲದೆ ಒಂದು ಹನಿಯನ್ನೂ ಹಾಕುವುದಿಲ್ಲ. ಪ್ಯಾರಾಸಿಟಮಾಲ್ ಒಂದೇ ಆದರೂ ಒಂದು ಬಾಟಲಿಯಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250, ಹನಿ ಹಾಕುವ ಪುಟ್ಟ ಬಾಟಲಿಯಲ್ಲಿ ಒಂದೇ ಮಿಲಿಲೀಟರಿಗೆ 100. “ಅರ್ಧ ಮುಚ್ಚಳ ಕುಡಿಸಿ” ಎಂದರೆ ಎಷ್ಟೆಂದು ದೇವರಿಗೇ ಗೊತ್ತು. ಓಮಕಾಳು ಕರ್ಪೂರ ಕಟ್ಟಿದ ಪೊಟ್ಟಣವನ್ನು ಅಂಗಿಗೆ ಪಿನ್ ಮಾಡಿ ಕಳಿಸಿದರೆ ಬಾಗಿಲಲ್ಲೇ ಬಿಚ್ಚಿಸುತ್ತೇನೆ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಎಳೆಯ ಮಗುವಿಗೆ ಫಿಟ್ಸ್ ಬರಬಹುದು. ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಬೇಡ. ಈ ಎರಡು ಮಾತುಗಳಿಗಾಗಿ ನಾನು ಹಲವು ಅಜ್ಜಿಯರ ಮುನಿಸು ಕಟ್ಟಿಕೊಂಡಿದ್ದೇನೆ.

ನಾನು ಕಲಿತದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಉಸಿರೆಣಿಸುವುದು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಬೇಕು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅದು ಬರೀ ನೆಗಡಿಯಲ್ಲ. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ ಒಂದು ಕ್ಷಣವೂ ಕಾಯುವಂತಿಲ್ಲ. ನಾಲ್ವರು ಆಯಾಗಳಿಗೂ ಇದನ್ನು ಕಲಿಸಿದ್ದೇನೆ. ಹನ್ನೊಂದು ತಿಂಗಳ ಕೂಸೊಂದು ಜ್ವರವೂ ಹೆಚ್ಚಿಲ್ಲದೆ ಬರೀ ಕೆಮ್ಮುತ್ತಿದ್ದಾಗ ಏಳನೇ ತರಗತಿ ಓದಿದ ನಮ್ಮ ಆಯಾ 64 ಎಣಿಸಿ ಓಡಿಬಂದರು. ಶ್ವಾಸನಾಳದ ಸೋಂಕೆಂದು ಕೂಸನ್ನು ಮೂರು ದಿನ ಆಸ್ಪತ್ರೆಯಲ್ಲಿಟ್ಟರು. ಮನೆಗೆ ನಗುತ್ತ ಬಂತು.

ಈಗ ಮಗುವನ್ನು ಸೇರಿಸಲು ಬಂದ ದಿನವೇ ಲಸಿಕೆಯ ಕಾರ್ಡು ಕೇಳಿ ನೋಡುತ್ತೇನೆ. ರೋಟಾವೈರಸ್, ನ್ಯುಮೋಕಾಕಲ್, ದಡಾರ ರುಬೆಲ್ಲಾ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಸಿಗುತ್ತವೆ; ಸೀತಾಳೆ ಸಿಡುಬಿನದು ಮತ್ತು ವರ್ಷಕ್ಕೊಮ್ಮೆ ಹಾಕಿಸಬೇಕಾದ ಫ್ಲೂ ಲಸಿಕೆ ಮಾತ್ರ ಹಣ ಕೊಟ್ಟು ಹಾಕಿಸಬೇಕಾದವು, ಅವುಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ ಎನ್ನುತ್ತೇನೆ. ಆಮೇಲೆ ನೂರು ದಿನದ ಲೆಕ್ಕವನ್ನು ಮುಂದಿಡುತ್ತೇನೆ: ಮೊದಲ ವರ್ಷ ತಿಂಗಳಿಗೊಂದು ಕಾಯಿಲೆ ಬರುತ್ತದೆ, ಒಂದು ಮುಗಿಯುವುದರೊಳಗೆ ಇನ್ನೊಂದು ಹಿಡಿಯುತ್ತದೆ, ರಜೆಗಳನ್ನು ಗಂಡ ಹೆಂಡತಿ ಇಬ್ಬರೂ ಈಗಲೇ ಹಂಚಿಕೊಳ್ಳಿ. ಅಮೆರಿಕದ ಅರಿಜೋನಾದ ಟಕ್ಸನ್ ನಗರದಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ನಡೆಸಿ, 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಮಕ್ಕಳಿರುವ ಕೇಂದ್ರಗಳಲ್ಲಿ ಬೆಳೆದವರಿಗೆ ಎರಡನೆಯ ವಯಸ್ಸಿನಲ್ಲಿ ನೆಗಡಿ ಹೆಚ್ಚು, ಶಾಲೆಯ ವಯಸ್ಸಿನಲ್ಲಿ ಕಡಿಮೆ, ಹದಿಮೂರರ ಹೊತ್ತಿಗೆ ವ್ಯತ್ಯಾಸವೇ ಇಲ್ಲ ಎಂದು ಕಂಡುಬಂದಿತ್ತೆಂಬುದನ್ನೂ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಮೂಗು ಕಟ್ಟಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗುವವರಿಗೆ ಅದರಿಂದ ಎಷ್ಟು ಸಮಾಧಾನವೋ ನಾನರಿಯೆ.

ಈ ಮಾತು ಕೇಳಿ ಇಬ್ಬರು ಮೂವರು ಬೇರೆ ಕೇಂದ್ರ ಹುಡುಕಿಕೊಂಡು ಹೋದದ್ದೂ ಉಂಟು. ಉಳಿದವರು ಈಗ ಬೆಳಿಗ್ಗೆ ಏಳಕ್ಕೇ ಫೋನು ಮಾಡಿ, “ಅಕ್ಕ, ರಾತ್ರಿ ನೂರಾ ಒಂದಿತ್ತು, ಹನ್ನೊಂದು ಗಂಟೆಗೆ ಸಿರಪ್ ಕೊಟ್ಟೆ, ಈಗಿಲ್ಲ, ಏನು ಮಾಡಲಿ?” ಎನ್ನುತ್ತಾರೆ. ಇವತ್ತು ಮನೆಯಲ್ಲೇ ಇರಲಿ ಎನ್ನುತ್ತೇನೆ. ಅವರು ನಿಟ್ಟುಸಿರು ಬಿಟ್ಟು, ಗಂಡನ ಸರದಿಯೋ ತಮ್ಮ ಸರದಿಯೋ ಎಂದು ಲೆಕ್ಕ ಹಾಕತೊಡಗುತ್ತಾರೆ. ಹನ್ನೆರಡು ಗಂಟೆ ಜ್ವರ ಪೂರ್ತಿ ಹೋಗಿಲ್ಲ. ಕಳೆದ ಮಳೆಗಾಲದಲ್ಲಿ ಒಮ್ಮೆ ಬಂದಿತ್ತು, ಆ ತಾಯಿ ಕೇಂದ್ರಕ್ಕೆ ಹೊಸಬರು.