ದಿನ ಒಂದೇ, ವಯಸ್ಸು ಬೇರೆ: ಕೆಂಪು ರಕ್ತಕಣ ಬೆಳೆಸುವಾಗ ನಾನು ಎಡವಿದ್ದು

ದಾನಿಗಳ ರಕ್ತದಿಂದ ಸಿಡಿ34 ಕಾಂಡಕೋಶಗಳನ್ನು (ಮೇಲ್ಮೈಯಲ್ಲಿ ಸಿಡಿ34 ಎಂಬ ಗುರುತಿನ ಪ್ರೋಟೀನು ಇರುವ, ರಕ್ತಕಣವಾಗಬಲ್ಲ ಮೂಲ ಕೋಶಗಳು) ಬೇರ್ಪಡಿಸಿ, ಹಾರ್ಮೋನು ಕೊಟ್ಟು ಕೆಂಪು ರಕ್ತಕಣವಾಗಿ ಬೆಳೆಸುವುದು ನನ್ನ ಕೆಲಸ. ನಾನು ಅಳೆಯುವುದು ಭ್ರೂಣದ ಹಿಮೋಗ್ಲೋಬಿನ್, ಅಂದರೆ ಎಚ್‌ಬಿಎಫ್. ಹುಟ್ಟಿದ ಮಗುವಿನಲ್ಲಿ ಇದೇ ಜಾಸ್ತಿ, ದೊಡ್ಡವರಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಇದನ್ನು ಮತ್ತೆ ಏರಿಸಿದರೆ ಸಿಕಲ್ ಸೆಲ್, ಥಲಸೀಮಿಯಾದಂಥ ಹಿಮೋಗ್ಲೋಬಿನ್ ದೋಷದ ಕಾಯಿಲೆ ಇರುವವರಿಗೆ ಅನುಕೂಲ.

ಕೆಂಪು ರಕ್ತಕಣ ಬೆಳೆಸುವ ಹಾರ್ಮೋನು ಎರಿತ್ರೋಪೊಯಿಟಿನ್ ಇಲ್ಲದೆ ಏನೂ ನಡೆಯುವುದಿಲ್ಲ. ದೇಹದಲ್ಲಿ ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡ ಇದನ್ನು ಜಾಸ್ತಿ ಮಾಡುತ್ತದೆ. ಒಮ್ಮೆ ಹಾಕಲು ಮರೆತಿದ್ದೆ. ಮೂರೇ ದಿನಕ್ಕೆ ತಟ್ಟೆಯಲ್ಲಿ ಬರೀ ಸತ್ತ ಕೋಶಗಳು.

ಡೆಕ್ಸಾಮೆಥಸೋನ್ ಕತೆ ಬೇರೆ. ಇದು ದೇಹದ ಸ್ಟೀರಾಯ್ಡ್ ಹಾರ್ಮೋನು ಕಾರ್ಟಿಸೋಲ್‌ನ ಕೆಲಸ ಮಾಡುವ ಔಷಧ. ಕೋಶ ಬೇಗ ಬಲಿಯದಂತೆ ತಡೆದು, ಎಳೆಯದಾಗಿಯೇ ಇಟ್ಟು, ಸುಮ್ನೆ ಒಡೆದು ಒಡೆದು ಹೆಚ್ಚುವಂತೆ ಮಾಡುತ್ತದೆ. ತೆಗೆದರೆ ಕೋಶ ಚಿಕ್ಕದಾಗುತ್ತದೆ, ಕೆಂಪಾಗುತ್ತದೆ, ಕೊನೆಗೆ ನ್ಯೂಕ್ಲಿಯಸ್ಸನ್ನು ಹೊರಹಾಕುತ್ತದೆ.

ಒಂದು ಸಲ ಇದನ್ನು ತೆಗೆಯದೆ ಕೆಲವು ತಟ್ಟೆಗಳನ್ನು ಹಾಗೇ ಬಿಟ್ಟು ನೋಡಿದೆ. ಹನ್ನೆರಡನೇ ದಿನ, ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ತೋರಿಸುವ ಯಂತ್ರ ಎಚ್‌ಪಿಎಲ್‌ಸಿಯಲ್ಲಿ ಅಳೆದರೆ, ಅವುಗಳಲ್ಲಿ ಎಚ್‌ಬಿಎಫ್ ಪಾಲು ಚೆನ್ನಾಗಿ ಏರಿತ್ತು. ಸ್ಟೀರಾಯ್ಡ್, ಭ್ರೂಣದ ಹಿಮೋಗ್ಲೋಬಿನ್‌ಗೆ ಬೇಕಾದ ಗಾಮಾ ಗ್ಲೋಬಿನ್ ಜೀನನ್ನು ಎಬ್ಬಿಸಿದೆ ಅಂತ ಹಿಗ್ಗಿದೆ. ಎರಡು ದಿನ ಅದೇ ಗುಂಗು.

ಆಮೇಲೆ ಟ್ಯೂಬುಗಳ ತಳ ಕಣ್ಣಿಗೆ ಬಿತ್ತು. ಡೆಕ್ಸ್ ತೆಗೆದವುಗಳಲ್ಲಿ ಕೋಶದ ಗುಪ್ಪೆ ಕಡು ಕೆಂಪು. ಬಿಟ್ಟವುಗಳಲ್ಲಿ ಮಾಸಲು ಗುಲಾಬಿ. ದಿನ ಒಂದೇ, ಆದರೆ ಕೋಶದ ವಯಸ್ಸು ಒಂದೇ ಅಲ್ಲ! ಕೋಶ ಬಲಿಯುವಾಗ ಗಾಮಾ ಮೊದಲು ಶುರುವಾಗುತ್ತದೆ, ದೊಡ್ಡವರ ಹಿಮೋಗ್ಲೋಬಿನ್‌ಗೆ ಬೇಕಾದ ಬೀಟಾ ಗ್ಲೋಬಿನ್ ಹಿಂದಿನಿಂದ ಬಂದು ಮೀರಿಸುತ್ತದೆ. ಎಳೆ ಕೋಶ ಅಳೆದರೆ ಎಚ್‌ಬಿಎಫ್ ಪಾಲು ಜಾಸ್ತಿ ಕಾಣಲೇಬೇಕು, ಅಲ್ವಾ?

ಮತ್ತೆ ಮಾಡಿದೆ. ಈ ಸಲ ದಿನ ನೋಡಲಿಲ್ಲ. ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರಿನಲ್ಲಿ, ಕೋಶ ಎಷ್ಟು ಬಲಿತಿದೆ ಅಂತ ತೋರಿಸುವ ಮೇಲ್ಮೈ ಪ್ರೋಟೀನುಗಳಾದ ಸಿಡಿ71, ಗ್ಲೈಕೊಫೊರಿನ್ ಎ ನೋಡಿ, ಒಂದೇ ಹಂತದ ಕೋಶಗಳನ್ನು ಹೋಲಿಸಿದೆ. ವ್ಯತ್ಯಾಸ ಬಹುಪಾಲು ಮಾಯ. ಡೆಕ್ಸ್ ಕರಗಿಸಿದ ಎಥನಾಲನ್ನು ಅದೇ ಅಳತೆಯಲ್ಲಿ ಕಂಟ್ರೋಲಿಗೂ, ಅಂದರೆ ಹೋಲಿಕೆಗೆ ಇಟ್ಟ ಡೆಕ್ಸ್ ಇಲ್ಲದ ತಟ್ಟೆಗಳಿಗೂ, ಹಾಕಿದ್ದೆ. ಮೊದಲ ಸಲ ಅದನ್ನೂ ಬಿಟ್ಟಿದ್ದೆ, ನಾಚಿಕೆಗೇಡು.

ಕೋಶ ಬೆಳೆಸುವ ದ್ರವಕ್ಕೆ ಬೆರೆಸುವ ಸೀರಮ್ಮೂ (ರಕ್ತದ ತಿಳಿ ಭಾಗ) ಮೋಸ ಮಾಡುತ್ತದೆ. ಅದರೊಳಗೇ ಸ್ಟೀರಾಯ್ಡ್, ಥೈರಾಯ್ಡ್ ಹಾರ್ಮೋನು ಇರುತ್ತವೆ. ಥೈರಾಯ್ಡ್ ಹಾರ್ಮೋನು ಕೋಶವನ್ನು ಬಲಿಯುವ ಕಡೆಗೇ ನೂಕುತ್ತದೆ. ಹಾಗಾಗಿ ಹಾರ್ಮೋನು ಪರೀಕ್ಷಿಸುವಾಗ ಇದ್ದಿಲಿನಿಂದ ಶೋಧಿಸಿದ ಸೀರಮ್ ಬಳಸುತ್ತೇನೆ, ಒಂದು ಪ್ರಯೋಗಕ್ಕೆ ಒಂದೇ ಬ್ಯಾಚ್.

ಈಗ ಮೆಷಿನ್ನಿಗೆ ಕೊಡುವ ಮೊದಲು ಟ್ಯೂಬುಗಳನ್ನು ಬಿಳಿ ಹಾಳೆಯ ಮುಂದೆ ಸಾಲಾಗಿ ಹಿಡಿಯುತ್ತೇನೆ. ಬಣ್ಣ ಹೊಂದದಿದ್ದರೆ ಅವತ್ತು ಎಚ್‌ಬಿಎಫ್ ಅಳೆಯುವುದಿಲ್ಲ.